ಅರ್ಧ ಹೇಳಿದ ಲೆಕ್ಕ

ಒಕ್ಕಲಿಗನ ಮಗ ಒಕ್ಕಲುತನವನ್ನು ಕಲಿಯಲು ಕಾಲೇಜಿಗೆ ಹೋಗಬೇಕೇ ಎಂಬ ಪ್ರಶ್ನೆ ಹಳ್ಳಿಯ ಕಟ್ಟೆಯ ಮೇಲೆ ಇಂದಿಗೂ ಕೇಳಿಬರುತ್ತದೆ. ಕೇಳುವವರ ದನಿಯಲ್ಲಿ ಕೊಂಚ ಕುಚೋದ್ಯವಿದ್ದರೂ ಅದು ತೀರ ಹುರುಳಿಲ್ಲದ ಪ್ರಶ್ನೆಯೇನೂ ಅಲ್ಲ. ಮಳೆಯ ನಕ್ಷತ್ರಗಳನ್ನು ಬೆರಳ ಮೇಲೆ ಎಣಿಸಬಲ್ಲ, ಹಿಡಿ ಮಣ್ಣನ್ನು ಅಂಗೈಯಲ್ಲಿ ಹಿಸುಕಿ ಹದವನ್ನು ಹೇಳಬಲ್ಲ ರೈತನಿಗೆ ಪುಸ್ತಕವು ಹೊಸದಾಗಿ ಏನನ್ನು ತಿಳಿಸೀತು? ಗದಗ ಸೀಮೆಯ ಎರೆಭೂಮಿಯ ಹಳ್ಳಿಯೊಂದರಿಂದ 2012ರಲ್ಲಿ ಧಾರವಾಡದ ಕೃಷಿ ಮಹಾವಿದ್ಯಾಲಯಕ್ಕೆ ಹೊರಟು ನಿಂತ ತರುಣನೊಬ್ಬನಿಗೂ ಈ ಪ್ರಶ್ನೆ ಎದುರಾಗಿತ್ತು. ಕೇಳಿದವರು ಹೊರಗಿನವರಲ್ಲ, ಅವನ ತಂದೆಯೇ.

ಮಠದ ಪ್ರಸಾದನಿಲಯದಲ್ಲಿ ಉಂಡು ಪ್ರೌಢಶಾಲೆಯನ್ನು ಮುಗಿಸಿದ ಹುಡುಗ ಅವನು. ರೈತರ ಮಕ್ಕಳಿಗೆಂದು ಮೀಸಲಾದ ಸ್ಥಾನಗಳಿಗೆ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜಗಳನ್ನೂ ಕಳೆಗಳನ್ನೂ ಬೇಸಾಯದ ಉಪಕರಣಗಳನ್ನೂ ಗುರುತಿಸಿ ಪ್ರವೇಶ ಪಡೆದನು. ಮನೆಗೆ 12 ಎಕರೆ ಮಳೆಯಾಶ್ರಿತ ಭೂಮಿ. ಮುಂಗಾರಿಗೆ ಹೆಸರು ಮತ್ತು ಉಳ್ಳಾಗಡ್ಡಿ, ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ, ಮಧ್ಯದಲ್ಲೊಂದಿಷ್ಟು ಮೆಣಸಿನಗಿಡ. ಮಗ ಓದಿ ಸರಕಾರಿ ಅಧಿಕಾರಿಯಾಗುವನೆಂಬ ಆಸೆ ತಂದೆಗಿತ್ತೇ ಹೊರತು, ಓದಿ ಬಂದು ತನ್ನ ಹೊಲಕ್ಕೆ ಬುದ್ಧಿ ಹೇಳುವನೆಂಬ ಕಲ್ಪನೆ ಇರಲಿಲ್ಲ.

ಧಾರವಾಡದ ಕೃಷಿ ಮಹಾವಿದ್ಯಾಲಯ ಆರಂಭವಾದುದು 1947ರಲ್ಲಿ. 1986ರ ಅಕ್ಟೋಬರ್ 1ರಂದು ಅಲ್ಲಿ ಪ್ರತ್ಯೇಕ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವೇ ಸ್ಥಾಪನೆಯಾಯಿತು. ಮಣ್ಣು, ಬೀಜ, ರೋಗ, ಕೀಟಗಳ ಕುರಿತ ಪಾಠಗಳು ಆ ತರುಣನಿಗೆ ಪರಿಚಿತ ಮುಖಗಳಿಗೆ ಹೊಸ ಹೆಸರುಗಳನ್ನಿಟ್ಟಂತೆ ತೋರಿದವು. ಆದರೆ ಕೃಷಿ ಅರ್ಥಶಾಸ್ತ್ರ ವಿಭಾಗದವರು ಬೇಸಾಯ ನಿರ್ವಹಣೆ ಎಂಬ ವಿಷಯವನ್ನು ಕೈಗೆತ್ತಿಕೊಂಡಾಗ ಅವನು ತನ್ನ ಮನೆಯ ಹೊಲವನ್ನೇ ಮೊದಲ ಬಾರಿಗೆ ಕಂಡಂತಾಯಿತು. ಬೆಳೆ ಬೆಳೆಯುವುದು ಒಂದು ವಿದ್ಯೆ. ಇರುವ ನೆಲ, ದುಡಿಮೆ, ಹಣಗಳನ್ನು ಯಾವ ಬೆಳೆಗೆ ಎಷ್ಟು ಹಂಚಬೇಕೆಂದು ನಿರ್ಧರಿಸುವುದು ಇನ್ನೊಂದು ವಿದ್ಯೆ. ಎರಡನೆಯದನ್ನು ತಂದೆ ಅರಿಯದವರೆಂದಲ್ಲ. ಅರಿತಿದ್ದರು, ಆದರೆ ಎಂದೂ ಬರೆದಿಟ್ಟಿರಲಿಲ್ಲ.

ಆ ಶಾಸ್ತ್ರವು ಬೆಳೆಯ ಖರ್ಚನ್ನು ಮೆಟ್ಟಿಲು ಮೆಟ್ಟಿಲಾಗಿ ಎಣಿಸುತ್ತದೆ. ಬೀಜ, ಗೊಬ್ಬರ, ಕೂಲಿ ಮುಂತಾಗಿ ಕೈಯಿಂದ ಹೋದ ಹಣ ಮತ್ತು ಧಾನ್ಯ ಮೊದಲ ಮೆಟ್ಟಿಲು. ಅದನ್ನು ‘ಎ’ ವೆಚ್ಚವೆನ್ನುತ್ತಾರೆ. ಸ್ವಂತ ಬಂಡವಾಳದ ಬಡ್ಡಿ, ಸ್ವಂತ ನೆಲದ ಗೇಣಿ ಸೇರಿದಾಗ ‘ಬಿ’ ವೆಚ್ಚವಾಗುತ್ತದೆ. ಮನೆಯವರ ದುಡಿಮೆಗೆ ಬೆಲೆ ಕಟ್ಟುವುದು ಕೊನೆಗೆ, ‘ಸಿ’ ವೆಚ್ಚದಲ್ಲಿ. ರಜೆಯಲ್ಲಿ ಊರಿಗೆ ಬಂದ ತರುಣ ಹಳೆಯ ನೋಟುಪುಸ್ತಕವೊಂದರಲ್ಲಿ ಮನೆಯ ಹೊಲದ ಲೆಕ್ಕವನ್ನು ಹೀಗೆಯೇ ಬರೆಯತೊಡಗಿದನು. ಕಳೆ ತೆಗೆಯಲು, ಉಳ್ಳಾಗಡ್ಡಿ ಕೊಯ್ಯಲು, ಮೆಣಸಿನಕಾಯಿ ಬಿಡಿಸಲು ವರ್ಷದಲ್ಲಿ ಎಷ್ಟು ದಿನ ಹೋದೆ ಎಂದು ತಾಯಿಯನ್ನು ಕೇಳಿದನು. “ಹೋಗದ ದಿನಾ ಕೇಳು, ಅದನ್ನ ಹೇಳೂದು ಹಗುರಾಗತೈತಿ” ಎಂದು ಆಕೆ ನಕ್ಕಳು. ಮೊದಲ ಮೆಟ್ಟಿಲಿನಲ್ಲಿ ಲಾಭ ತೋರಿಸುತ್ತಿದ್ದ ಹೊಲವು ಆಕೆಯ ದಿನಗಳನ್ನು ಕೂಲಿಯ ದರದಲ್ಲಿ ಬರೆದೊಡನೆ ನಷ್ಟಕ್ಕೆ ಇಳಿಯಿತು. ಮನೆಯ ನೆಮ್ಮದಿ ಯಾರ ಬೆನ್ನಿನ ಮೇಲೆ ನಿಂತಿತ್ತೆಂಬುದು ಅವನಿಗೆ ಆ ಸಂಜೆ ತಿಳಿಯಿತು. ತಂದೆ ಆ ಪುಟವನ್ನು ಬಹಳ ಹೊತ್ತು ನೋಡಿ, ಏನೂ ಹೇಳದೆ ಪುಸ್ತಕವನ್ನು ಮರಳಿ ಕೊಟ್ಟರು.

ಇದಾದ ಮೇಲೆ 2015ರ ಯುಗಾದಿಯ ಹೊತ್ತಿಗೆ ಟ್ರ್ಯಾಕ್ಟರಿನ ಮಾತು ಮನೆಯೊಳಗೆ ಬಂದಿತು. ಎತ್ತುಗಳಿಗೆ ವಯಸ್ಸಾಗಿತ್ತು. ಆಳುಗಳು ಸಿಗುವುದು ದುರ್ಲಭವಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿರುವುದು ಊರಿನಲ್ಲಿ ಒಂದು ಅಂತಸ್ತಿನ ಗುರುತಾಗಿತ್ತು. ಸಾಲ ದೊರೆಯುತ್ತಿತ್ತು. ತಂದೆಯ ಮನಸ್ಸು ಆ ಕಡೆಗೆ ಮುಕ್ಕಾಲು ಪಾಲು ವಾಲಿತ್ತು. ಮಗ ಮಾತ್ರ ಒಂದು ದಿನದ ಅವಕಾಶ ಕೇಳಿ ನೋಟುಪುಸ್ತಕವನ್ನು ತೆರೆದನು.

ಯಂತ್ರದ ಖರ್ಚಿನಲ್ಲಿ ಎರಡು ಬಗೆ. ಒಂದು, ಓಡಿದರಷ್ಟೇ ಬರುವ ಖರ್ಚು: ಡೀಸೆಲ್, ಎಣ್ಣೆ, ದುರಸ್ತಿ. ಇನ್ನೊಂದು, ಓಡಲಿ ನಿಂತಿರಲಿ ಬಂದೇ ತೀರುವ ಖರ್ಚು: ಸವಕಳಿ, ಬಡ್ಡಿ, ವಿಮೆ, ನೆರಳು. ಟ್ರ್ಯಾಕ್ಟರ್ ಮತ್ತು ಸಲಕರಣೆಗಳ ಬೆಲೆಯನ್ನು ಅವನು 6 ಲಕ್ಷ ರೂಪಾಯಿ ಎಂದು ಹಿಡಿದನು. ಪಠ್ಯಪುಸ್ತಕದ ರೀತಿಯಲ್ಲಿ ಆಯುಷ್ಯ 10 ವರ್ಷ, ಕೊನೆಗೆ ಉಳಿಯುವ ಬೆಲೆ ಹತ್ತನೆಯ ಒಂದು ಪಾಲು, ಅಂದರೆ 60,000 ರೂಪಾಯಿ. ವರ್ಷದ ಸವಕಳಿ 54,000 ರೂಪಾಯಿ. ಸರಾಸರಿ ತೊಡಗಿಸಿದ ಹಣ 3,30,000 ರೂಪಾಯಿ. ಅದಕ್ಕೆ ಶೇಕಡಾ 12ರಂತೆ ಬಡ್ಡಿ 39,600 ರೂಪಾಯಿ. ವಿಮೆ ಮತ್ತು ನೆರಳಿಗೆ 6,400 ರೂಪಾಯಿ. ಒಟ್ಟಿಗೆ ಒಂದು ಲಕ್ಷ ರೂಪಾಯಿ. ಗಾಲಿ ಒಂದು ಸುತ್ತು ತಿರುಗದಿದ್ದರೂ ವರ್ಷ ತುಂಬುವಷ್ಟರಲ್ಲಿ ಇಷ್ಟು ಹಣ ಕರಗಿರುತ್ತದೆ.

ಇನ್ನು ಕೆಲಸದ ಮಾತು. 12 ಎಕರೆಯ ಉಳುಮೆ, ಹರಗುವಿಕೆ, ಬಿತ್ತನೆ, ಸಾಗಾಟ ಎಲ್ಲ ಸೇರಿ ವರ್ಷಕ್ಕೆ ಸುಮಾರು 70 ಗಂಟೆ. ಬಾಡಿಗೆಗೆ ತರಿಸಿದರೆ ಗಂಟೆಗೆ 700 ರೂಪಾಯಿಯಂತೆ 49,000 ರೂಪಾಯಿ. ಸ್ವಂತದ್ದಾದರೆ ಸ್ಥಿರ ವೆಚ್ಚ ಒಂದು ಲಕ್ಷದ ಮೇಲೆ ಗಂಟೆಗೆ 300 ರೂಪಾಯಿಯಂತೆ ಇನ್ನೂ 21,000. ಹೀಗೆ ಅಂತಸ್ತಿನ ಬೆಲೆ ವರ್ಷಕ್ಕೆ 72,000 ರೂಪಾಯಿಯಾಯಿತು. ಬಾಡಿಗೆ ದರಕ್ಕೂ ಓಡಿಸುವ ಖರ್ಚಿಗೂ ಇರುವ ಅಂತರ 400 ರೂಪಾಯಿ. ಆದುದರಿಂದ ವರ್ಷಕ್ಕೆ 250 ಗಂಟೆ ಓಡಿದಾಗ ಮಾತ್ರ ಜಮೆಯೂ ಖರ್ಚೂ ಸರಿದೂಗುತ್ತವೆ. ಪುಸ್ತಕಗಳು ಟ್ರ್ಯಾಕ್ಟರಿನ ದುಡಿಮೆಯನ್ನು ವರ್ಷಕ್ಕೆ 1000 ಗಂಟೆಯೆಂದು ಹಿಡಿಯುವುದರ ಅರ್ಥ ಅವನಿಗೆ ಆಗ ಹೊಳೆಯಿತು. ಚಿಕ್ಕ ಹಿಡುವಳಿಯವನ ಮನೆಯಲ್ಲಿ ಅಂಥ ಯಂತ್ರವು ದುಡಿಯುವುದಕ್ಕಿಂತ ಕುಳಿತು ಉಣ್ಣುವುದೇ ಹೆಚ್ಚು.

ತಂದೆಗೆ ನೋವಾಯಿತು, ಆದರೆ ಒಪ್ಪಿದರು. ಟ್ರ್ಯಾಕ್ಟರಿನ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಸಂಜೆ ಪಡಸಾಲೆಯಲ್ಲಿ ಚಿಕ್ಕಪ್ಪನೂ ಕುಳಿತಿದ್ದನು. ಅವನದು 15 ಎಕರೆ, ಸ್ವಂತ ಕೆಲಸವೇ 90 ಗಂಟೆಯಷ್ಟಿತ್ತು. “ಹಂಗಾರ ನನಗ ಹೊರಗಿನ ಗಂಟೆ ಎಷ್ಟು ಬೇಕು?” ಎಂದು ಅವನು ಕೇಳಿದನು. ತರುಣ ಕಳೆದು ನೋಡಿ 160 ಎಂದನು. “ಇಷ್ಟ ದೊಡ್ಡ ಊರಾಗ 160 ಗಂಟೆ ಸಿಗೂದಿಲ್ಲೇನು?” ಎಂದಾಗ, “ಸಿಕ್ಕರ ನಷ್ಟಿಲ್ಲ ಕಾಕಾ” ಎಂದನು. ಲೆಕ್ಕ ಸರಿಯಾಗಿಯೇ ಇತ್ತು. ಕಾಲೇಜಿನ ಹುಡುಗನ ಬಾಯಿಂದ ಬಂದ ಲೆಕ್ಕವೆಂಬ ಕಾರಣಕ್ಕೆ ಅದಕ್ಕೆ ಇನ್ನಷ್ಟು ತೂಕ ಬಂದಿತ್ತು. ಆ ವರ್ಷದ ಬಸವ ಜಯಂತಿಯ ದಿನ ಚಿಕ್ಕಪ್ಪನ ಮನೆಯ ಮುಂದೆ ಮಾಲೆ ಹಾಕಿಕೊಂಡು ಹೊಸ ಟ್ರ್ಯಾಕ್ಟರ್ ನಿಂತಿತು. ಎತ್ತುಗಳ ಜೋಡಿಯನ್ನು ಅದಕ್ಕೂ ಒಂದು ವಾರ ಮೊದಲೇ ಮಾರಿ ಆಗಿತ್ತು.

2015ರ ಮುಂಗಾರು ಉತ್ತರ ಕರ್ನಾಟಕಕ್ಕೆ ಕೈಕೊಟ್ಟಿತು. ಬಿತ್ತಿದ ಹೆಸರು ಹೂವಿಗೆ ಬರುವ ಮೊದಲೇ ಬಾಡಿತು. ಅನೇಕರು ಬಿತ್ತಲೇ ಇಲ್ಲ. ಬಿತ್ತದ ಹೊಲಕ್ಕೆ ಟ್ರ್ಯಾಕ್ಟರನ್ನು ಯಾರು ಕರೆಯುತ್ತಾರೆ? ಅಂತಿಮ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ವಾಸಿಸಿ ಕಲಿಯುವ ಗ್ರಾಮೀಣ ಕಾರ್ಯಾನುಭವದ ಸಲುವಾಗಿ ತರುಣ ಆಗ ಬೇರೊಂದು ಊರಿನಲ್ಲಿದ್ದನು. ಅಲ್ಲಿಯೂ ಒಣಗಿದ ಹೊಲಗಳನ್ನೇ ನೋಡುತ್ತ, ತನ್ನೂರಿನ ನೆನಪು ಬಂದಾಗಲೆಲ್ಲ 160 ಎಂಬ ಅಂಕಿಯನ್ನು ನೆನೆದು ಅಳುಕುತ್ತಿದ್ದನು. ವರ್ಷದ ಕೊನೆಗೆ ಚಿಕ್ಕಪ್ಪನ ಯಂತ್ರ ಓಡಿದುದು ಒಟ್ಟು 110 ಗಂಟೆ; ಅದರಲ್ಲಿ ಹೊರಗಿನವು 50. ಲೆಕ್ಕದಲ್ಲಿ 56,000 ರೂಪಾಯಿ ಖೋತಾ. ಸಾಲದ ಕಂತು ಮಾತ್ರ ಮಳೆಯ ದಾರಿ ಕಾಯಲಿಲ್ಲ. ಮೊದಲ ಕಂತಿಗೆ ಮನೆಯ ಬಂಗಾರ ಅಡವಿಗೆ ಹೋಯಿತು. 2016ರಲ್ಲಿಯೂ ಬರಗಾಲವೇ ಮುಂದುವರಿದಾಗ ಎರಡು ಎಕರೆಯನ್ನು ಮಾರುವ ಮಾತು ಕೇಳಿಬಂದಿತು.

ಆ ಬೇಸಗೆಯಲ್ಲಿ ಪದವಿ ಮುಗಿಸಿ ಬಂದ ಮಗನಿಗೆ ತಂದೆ ಹೇಳಿದುದು ಎರಡೇ ಮಾತು. “ನಿನ್ನ ಲೆಕ್ಕ ತಪ್ಪಿಲ್ಲಪಾ. ಆದರ ಅರ್ಧಾ ಹೇಳಿದಿ.”

ಉಳಿದರ್ಧ ಅವನ ಪಠ್ಯದಲ್ಲಿಯೇ ಇದ್ದಿತು. ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಪಾಯಕ್ಕೂ ಅನಿಶ್ಚಿತತೆಗೂ ಇರುವ ಭೇದವನ್ನು ಬಿಡಿಸಿ ತೋರಿಸಿದನು. ಎಷ್ಟು ಸಲ ಸಂಭವಿಸೀತೆಂದು ಅಳೆಯಬಹುದಾದುದು ಅಪಾಯ. ಅಳತೆಗೇ ಸಿಕ್ಕದುದು ಅನಿಶ್ಚಿತತೆ. ಬೇಸಾಯ ನಿರ್ವಹಣೆಯ ತರಗತಿಗಳಲ್ಲಿ ಈ ಭೇದವನ್ನು ಬೋಧಿಸುತ್ತಾರೆ. ತರುಣ ಅದನ್ನು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಅಂಕ ಪಡೆದಿದ್ದನು. ಪಡಸಾಲೆಯಲ್ಲಿ ಚಿಕ್ಕಪ್ಪನ ಮುಂದೆ ಕುಳಿತಾಗ ಮಾತ್ರ ಅದು ನೆನಪಾಗಿರಲಿಲ್ಲ. “ಸಿಕ್ಕರ” ಎಂಬ ಪದವನ್ನು ಅವನು ಆಡಿದ್ದನು. ಅದರ ಒಳಗೆ ಒಂದು ಮುಂಗಾರು ಪೂರ್ತಿ ಅಡಗಿತ್ತು. ಅದನ್ನು ಬಿಡಿಸಿ ಹೇಳುವುದು ಕಲಿತವನ ಹೊಣೆಯಾಗಿತ್ತು.

ಲೆಕ್ಕದಲ್ಲಿ ಇನ್ನೂ ಒಂದು ಕೊರತೆಯಿತ್ತು. ಅದನ್ನು ತೋರಿಸಿದವರು ತಂದೆ. ಎರೆಭೂಮಿಯ ಹದ ಬಹಳ ದಿನ ನಿಲ್ಲುವುದಿಲ್ಲ. ಹಸಿ ಹೆಚ್ಚಾದರೆ ಗಾಲಿ ಹೂಳುತ್ತದೆ, ಒಣಗಿದರೆ ನೆಲ ಕಲ್ಲಾಗಿ ಬಿರಿಯುತ್ತದೆ. ಇವೆರಡರ ನಡುವಿನ ಕೆಲವೇ ದಿನಗಳಲ್ಲಿ ಊರಿಗೆ ಊರೇ ಟ್ರ್ಯಾಕ್ಟರನ್ನು ಕೇಳುತ್ತದೆ. ಉಳಿದಂತೆ ಯಾರೂ ಕೇಳುವುದಿಲ್ಲ. 160 ಗಂಟೆಗಳು ವರ್ಷದುದ್ದಕ್ಕೂ ಹರಡಿ ಬರುವುದಿಲ್ಲ, ಒಮ್ಮೆಲೇ ಬಂದು ಕೈಮೀರಿ ಹೋಗುತ್ತವೆ. ಇದು ಯಾವ ಕೋಷ್ಟಕದಲ್ಲಿಯೂ ಇರಲಿಲ್ಲ. ಕಾಲೇಜಿಗೆ ಹೋಗದವರ ಅಂಗೈಯಲ್ಲಿತ್ತು.

ಕೃಷಿ ವ್ಯಾಪಾರ ಎಂಬ ಅರ್ಥದ ‘ಅಗ್ರಿಬಿಸಿನೆಸ್’ ಶಬ್ದವು ಹಾರ್ವರ್ಡ್ ವಿಶ್ವವಿದ್ಯಾಲಯದ ಜಾನ್ ಡೇವಿಸ್ ಮತ್ತು ರೇ ಗೋಲ್ಡ್‌ಬರ್ಗ್ ಅವರ 1957ರ ಗ್ರಂಥದಿಂದ ಪ್ರಸಿದ್ಧವಾಯಿತು. ಬೀಜ, ಗೊಬ್ಬರ, ಯಂತ್ರಗಳನ್ನು ಒದಗಿಸುವವರಿಂದ ಹಿಡಿದು ಫಸಲನ್ನು ಸಂಸ್ಕರಿಸಿ ಮಾರುವವರವರೆಗೆ ಎಲ್ಲರನ್ನೂ ಒಂದೇ ಸರಪಳಿಯ ಕೊಂಡಿಗಳೆಂದು ನೋಡುವ ದೃಷ್ಟಿ ಅದು. ಆ ಸರಪಳಿಯಲ್ಲಿ ಅತ್ಯಂತ ಬಡವಾದ ಕೊಂಡಿ ಒಂಟಿ ರೈತನೇ ಎಂಬುದನ್ನು ಆ ಸೀಮೆಯ ಜನ ಅದಕ್ಕೂ ಎಷ್ಟೋ ಮೊದಲೇ ಕಂಡುಕೊಂಡಿದ್ದರು. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1904ರ ಸಹಕಾರ ಕಾಯಿದೆಯ ಮರುವರ್ಷವೇ, 1905ರಲ್ಲಿ, ಕಟ್ಟಿದ ಸಂಘವು ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾಗಿದೆ. ತರುಣನ ಊರಿನಿಂದ ಆ ಊರು ಬಹಳ ದೂರವೇನಿರಲಿಲ್ಲ. ಪರೀಕ್ಷೆಗಾಗಿ ಅವನು ಬಾಯಿಪಾಠ ಮಾಡಿದ್ದ ಆ ಇಸವಿಗೆ ಈಗ ಅರ್ಥ ಬಂದಿತು.

2017ರ ಮುಂಗಾರಿಗೆ ಮೊದಲು ಅವನು ಚಿಕ್ಕಪ್ಪನನ್ನು ಕರೆದುಕೊಂಡು 12 ಮನೆಗಳ ಬಾಗಿಲಿಗೆ ಹೋದನು. ಪ್ರತಿಯೊಂದು ಮನೆಯೂ ವರ್ಷಕ್ಕೆ 16 ಗಂಟೆಯನ್ನು ಮುಂಚಿತವಾಗಿ ಕಾದಿರಿಸಬೇಕು. ದರ 700ರ ಬದಲು 650 ರೂಪಾಯಿ. ಹದ ಬಂದಾಗ ಸರದಿಯ ಪ್ರಕಾರ ಈ ಮನೆಗಳಿಗೇ ಮೊದಲ ಹಕ್ಕು. ಮಳೆ ಕೈಕೊಟ್ಟ ವರ್ಷ ಕಾದಿರಿಸಿದ ಗಂಟೆಗಳ ಅರ್ಧ ಬಾಡಿಗೆಯನ್ನಾದರೂ ಕೊಡಬೇಕು. 192 ಗಂಟೆಗೆ 350ರಂತೆ, ಸ್ವಂತದ 90 ಗಂಟೆಗೆ 400ರಂತೆ ಉಳಿಯುವ ಹಣ 1,03,200 ರೂಪಾಯಿ. ಒಂದು ಲಕ್ಷದ ಸ್ಥಿರ ವೆಚ್ಚಕ್ಕೆ ಅದು ಸಾಲುತ್ತಿತ್ತು. ಈ ಬಾರಿ ಅವನು ಲೆಕ್ಕವನ್ನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆದು, ಮಳೆ ಬಾರದಿದ್ದರೆ ಚಿಕ್ಕಪ್ಪನಿಗೆ ಎಷ್ಟು ಕಡಿಮೆ ಬಿದ್ದೀತು, ಪ್ರತಿಯೊಂದು ಮನೆಯವರ ಮೇಲೆ ಎಷ್ಟು ಭಾರ ಬಿದ್ದೀತು ಎಂಬುದನ್ನೂ ಬರೆದು ಓದಿ ಹೇಳಿದನು. ಆ ಅಂಕಣವನ್ನು ಕೇಳಿ ಇಬ್ಬರು ಎದ್ದು ಹೋದರು. ಅವರ ಬದಲು ಬೇರೆ ಇಬ್ಬರು ಬಂದರು. ಮೊದಲ ಹೆಸರು ಬರೆಸಿದವರು ಅವನ ತಂದೆ. ಮುಂಗಡವನ್ನೂ ಅಲ್ಲಿಯೇ ಎಣಿಸಿ ಇಟ್ಟರು. ಎರಡು ಎಕರೆಯ ಮಾರಾಟದ ಮಾತು ಅಲ್ಲಿಗೆ ನಿಂತಿತು.

ಒಪ್ಪಂದಕ್ಕೆ ನಿಜವಾದ ಪರೀಕ್ಷೆ ಬಂದುದು 2018ರಲ್ಲಿ. ಆ ವರ್ಷ ಮತ್ತೆ ಬರ. ಅರ್ಧ ಬಾಡಿಗೆಯನ್ನು ಎಂಟು ಮನೆಗಳು ಕೊಟ್ಟವು, ನಾಲ್ಕು ಕೊಡಲಿಲ್ಲ. ಕೊಡದವರಲ್ಲಿ ಇಬ್ಬರಿಗೆ ನಿಜವಾಗಿಯೂ ಕೈಲಾಗುತ್ತಿರಲಿಲ್ಲವೆಂದು ಚಿಕ್ಕಪ್ಪನೇ ಹೇಳಿದನು. ಆದರೂ ಆ ಸಲ ಅಡವಿಗೆ ಹೋಗಲು ಬಂಗಾರ ಮನೆಯಿಂದ ಹೊರಬೀಳಲಿಲ್ಲ. ರೈತರಿಗೆ ಯಂತ್ರಗಳನ್ನು ಬಾಡಿಗೆಗೆ ಒದಗಿಸುವ ಕೃಷಿ ಯಂತ್ರಧಾರೆ ಎಂಬ ಯೋಜನೆಯನ್ನು ರಾಜ್ಯ ಸರಕಾರ 2014-15ರಲ್ಲಿಯೇ ಆರಂಭಿಸಿತ್ತು. ಅದರ ಹಿಂದಿರುವ ವಿಚಾರವೂ ಇದೇ: ಒಂಟಿ ಹೊಲಕ್ಕೆ ಭಾರವಾಗುವ ಯಂತ್ರವು ಹತ್ತು ಹೊಲಗಳಿಗೆ ಹಗುರಾಗುತ್ತದೆ.

ಆ ತರುಣ ಈಗ ಬ್ಯಾಂಕೊಂದರಲ್ಲಿ ಕೃಷಿ ಅಧಿಕಾರಿ. ತಂದೆಯ ಆಸೆ ಒಂದು ರೀತಿಯಲ್ಲಿ ಈಡೇರಿದೆ ಎನ್ನಬಹುದು. ಸಾಲ ಕೇಳಿ ಬರುವ ರೈತರ ಅರ್ಜಿಗಳು ಅವನ ಮೇಜಿಗೆ ಬರುತ್ತವೆ. ಅವುಗಳಲ್ಲಿ ಟ್ರ್ಯಾಕ್ಟರಿನ ಅರ್ಜಿಗಳೂ ಇರುತ್ತವೆ. ಭೂಮಿಯೆಷ್ಟು, ಬೆಳೆ ಯಾವುದು, ಆದಾಯವೆಷ್ಟು ಎಂದು ನಮೂನೆಯಲ್ಲಿ ಕೇಳಿರುತ್ತದೆ. ಅವೆಲ್ಲವನ್ನೂ ತುಂಬಿಸಿಕೊಂಡ ಮೇಲೆ ಅವನು ನಮೂನೆಯಲ್ಲಿಲ್ಲದ ಎರಡು ಪ್ರಶ್ನೆಗಳನ್ನು ಕೇಳುತ್ತಾನೆ. ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ? ಮಳೆ ಬಾರದಿದ್ದರೆ ಎಷ್ಟು ಗಂಟೆ? ಕೆಲವರಿಗೆ ಈ ಎರಡನೆಯ ಪ್ರಶ್ನೆ ಅಪಶಕುನದಂತೆ ಕೇಳಿಸಿ ಸಿಟ್ಟು ಬರುತ್ತದೆ. ಕೆಲವರು ಯೋಚಿಸಿ ಬರುವುದಾಗಿ ಹೇಳಿ ಹೋಗುತ್ತಾರೆ. ಇನ್ನು ಕೆಲವರು ಅಣ್ಣತಮ್ಮಂದಿರನ್ನೋ ನೆರೆಹೊರೆಯವರನ್ನೋ ಜೊತೆಗೆ ಕರೆತಂದು ಲೆಕ್ಕಕ್ಕೆ ಕೂಡುತ್ತಾರೆ. ಉತ್ತರವನ್ನು ಅವನು ಅರ್ಜಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾನೆ. ಸಾಲ ಕೊಡುವುದು ಬಿಡುವುದು ಬ್ಯಾಂಕಿನ ನಿಯಮಗಳಿಗೆ ಬಿಟ್ಟದ್ದು. ಎರಡೂ ಅರ್ಧಗಳನ್ನು ಹೇಳುವುದು ತನಗೆ ಬಿಟ್ಟದ್ದೆಂದು ಅವನು ತಿಳಿದಿದ್ದಾನೆ.

ಒಕ್ಕಲುತನ ಕಲಿಯಲು ಕಾಲೇಜಿಗೆ ಹೋಗಬೇಕೇ ಎಂಬ ಪ್ರಶ್ನೆಯನ್ನು ತಂದೆ ಮತ್ತೆ ಕೇಳಿಲ್ಲ. ಬದಲಾಗಿ, ಮಗ ಊರಿಗೆ ಬಂದಾಗಲೆಲ್ಲ ಹಳೆಯ ನೋಟುಪುಸ್ತಕವನ್ನು ತಾವೇ ಹೊರಗೆ ತೆಗೆದಿಡುತ್ತಾರೆ. ಅದರಲ್ಲಿ ತಾಯಿಯ ದುಡಿಮೆಯ ದಿನಗಳು ಅವರದೇ ಕೈಬರಹದಲ್ಲಿ ತಪ್ಪದೆ ಬರೆದಿರುತ್ತವೆ. ಚಿಕ್ಕಪ್ಪನ ಟ್ರ್ಯಾಕ್ಟರಿನ ಸವಕಳಿಯ ಪುಟವೂ ಅದೇ ಪುಸ್ತಕದಲ್ಲಿದೆ. ಲೆಕ್ಕದ ಪ್ರಕಾರ ಆ ಯಂತ್ರದ ಹತ್ತು ವರ್ಷಗಳ ಆಯುಷ್ಯ 2025ರ ಬಸವ ಜಯಂತಿಗೆ ತೀರಿತು. ಉಳಿದ ಬೆಲೆ 60,000 ರೂಪಾಯಿ ಎಂದು ಕೊನೆಯ ಸಾಲಿನಲ್ಲಿ ಬರೆದಿದೆ. ಹದ ಬಂದ ದಿನ ನಸುಕಿನಲ್ಲಿ ಅದು ಇನ್ನೂ ಸರದಿಯ ಮೊದಲ ಮನೆಯ ಹೊಲಕ್ಕೆ ಹೊರಡುತ್ತದೆ.